ಮೂರನೆಯ ಮೆಟ್ಟಿಲು

“ಓದಿದ್ದೆ” ಅಂದುಬಿಟ್ಟಳು ಡಾಕ್ಟರ್ ಸಿದ್ದೇಶ್ವರಿ. ಅಂದ ಕೂಡಲೇ ಅದು ಸುಳ್ಳೆಂದು ಎದುರಿಗೆ ಕೂತವಳಿಗೂ ಗೊತ್ತಾಗಿರಬೇಕು ಅನ್ನಿಸಿತು. ಶ್ರೀಲತಾ ಕೇಳಿದ್ದು ಕುಹಕದ ಪ್ರಶ್ನೆಯೇನೂ ಅಲ್ಲ. ಬೇಸಿಗೆಯಲ್ಲಿ ಮೊದಲ ಸಲ ಈ ಕೋಣೆಗೆ ಬಂದು, ಆಡಿದ ಮಾತಿಗಿಂತ ಹೆಚ್ಚು ಟಿಶ್ಯೂ ಕಾಗದ ಖರ್ಚು ಮಾಡಿ ಹೋಗಿದ್ದ ಹುಡುಗಿ ಅವಳು. ಆ ದಿನ ಅವಳಿಗೊಂದು ಮಾತ್ರೆ ಬರೆದುಕೊಟ್ಟು, ಕೆಲವು ವಾರ ಏನೂ ಆಗುವುದಿಲ್ಲ, ಆಮೇಲೆ ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಅದಕ್ಕೆ ಚಹಾದ ರುಚಿ ಇದೆ ಅಂತ ಥಟ್ಟನೆ ಗೊತ್ತಾಗುತ್ತದೆ, ಅಲ್ಲಿಯತನಕ ಬಿಡಬೇಡ ಎಂದು ಸಿದ್ದೇಶ್ವರಿ ಹೇಳಿದ್ದಳು. ಶ್ರೀಲತಾ ಮೈಸೂರಿನವಳು, ಅವಳಿಗೆ ಅದು ಕಾಫಿಯಲ್ಲಿ ಗೊತ್ತಾಯಿತು. ಸರಿಯಾಗಿ ಹೀಗೇ ಆಗುತ್ತದೆ ಅಂತ ನಿಮಗೆ ಹೇಗೆ ಗೊತ್ತಿತ್ತು ಎಂದು ನಗುತ್ತ ಕೇಳಿದ್ದಳು. ಯಾವ ವೈದ್ಯಕೀಯ ಪುಸ್ತಕದಲ್ಲೂ ಚಹಾದ ರುಚಿಯ ಬಗ್ಗೆ ಒಂದು ಸಾಲು ಬರೆದಿಲ್ಲ. ಅದನ್ನು ಸಿದ್ದೇಶ್ವರಿ ಕಲಿತದ್ದು ಶ್ಯಾಂಟಿಲಿ ಎಂಬ ಊರಿನಲ್ಲಿ, ತನ್ನ ಅಡುಗೆಮನೆಯ ಕಿಟಕಿಯ ಹತ್ತಿರ, ಕೈಯಲ್ಲಿ ಕಪ್ಪು ಹಿಡಿದುಕೊಂಡು, ಗಂಡ ಮಹಡಿಯ ಮೇಲೆ ಸ್ನಾನ ಮಾಡುತ್ತಿದ್ದಾಗ. ಆಗ ಅವಳು ಅತ್ತಿದ್ದಳು. ನೀರಿನ ಸದ್ದು ನಿಲ್ಲುವುದರೊಳಗೆ ಮುಖ ತೊಳೆದುಕೊಂಡೂ ಆಗಿತ್ತು.

ಶ್ರೀಲತಾ ಒಳ್ಳೆಯ ಸುದ್ದಿಗಳನ್ನು ಹೊತ್ತು ಬಂದಿದ್ದಳು. ಲರ್ನರ್ಸ್ ಪರ್ಮಿಟ್ ಸಿಕ್ಕಿತ್ತು. ಪಕ್ಕದ ಅಪಾರ್ಟ್‌ಮೆಂಟಿನ ಹೆಂಗಸನ್ನು ಜೊತೆಗೆ ಕೂರಿಸಿಕೊಂಡು ರೂಟ್ ಐವತ್ತರ ಮೇಲೆ ಕಾರು ಓಡಿಸಿದ್ದಳಂತೆ. ಟ್ರಕ್ಕುಗಳು ಪಕ್ಕದಲ್ಲಿ ಹೋದಾಗ ಹೆದರಿಕೆಯಾಯಿತು, ಆದರೆ ಅದು ಟ್ರಕ್ಕಿನ ಹೆದರಿಕೆ, ಮೊದಲಿನ ಹೆದರಿಕೆ ಅಲ್ಲ ಎಂದಳು. ಆ ವ್ಯತ್ಯಾಸವನ್ನು ಅಷ್ಟು ಚೊಕ್ಕವಾಗಿ ಹೇಳಿದ್ದು ಕೇಳಿ ಸಿದ್ದೇಶ್ವರಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯಾಯಿತು. ಆಮೇಲೆ ಶ್ರೀಲತಾ ಕೈಚೀಲದ ಜಿಪ್ಪನ್ನು ಎಳೆಯುತ್ತ, ಬಿಡುತ್ತ, ಜನವರಿಯಿಂದ ಇನ್ಶೂರೆನ್ಸಿನಲ್ಲಿ ಮಾತ್ರೆಗೆ ನಾವು ಕೊಡುವ ರೇಟು ಹತ್ತು ಡಾಲರಿನಿಂದ ಮೂವತ್ತಕ್ಕೂ ಏರಬಹುದಂತೆ, ಔಷಧಿ ಅಂಗಡಿಯವನು ಹೇಳಿದ, ಹೌದಾ ಎಂದು ವಿಚಾರಿಸಿದಳು. ಅವಳ ಗಂಡ ರವಿಶಂಕರ್ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಅವನ ವೀಸಾಕ್ಕೆ ಜೋತುಬಿದ್ದ ವೀಸಾ ಇವಳದು; ಇವಳು ಕೆಲಸ ಮಾಡುವ ಹಾಗಿಲ್ಲ. ಕೆಟ್ಟವನಲ್ಲ, ಮನೆ ಕೊಳ್ಳಬೇಕೆಂದು ಲೆಕ್ಕದಲ್ಲಿ ಬಿಗಿ, ಅಷ್ಟೆ. ಮಾತ್ರೆಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಔಷಧಿಯ ಕೌಂಟರು ತರಕಾರಿ ಕೊಳ್ಳುವ ದೊಡ್ಡ ಅಂಗಡಿಯ ಒಳಗೇ ಇತ್ತು. ಎಲ್ಲವೂ ಒಂದೇ ಬಿಲ್ಲು.

“ಹತ್ತು ಡಾಲರ್ ಆದ್ರೆ ಹಾಲು ಆಲೂಗಡ್ಡೆ ಜೊತೆ ಸೇರ್ಕೊಂಡ್ಬಿಡತ್ತೆ ಡಾಕ್ಟರ್. ಮೂವತ್ತು ಅಂದ್ರೆ ಅವ್ರು ನೋಟಿಸ್ ಮಾಡ್ತಾರೆ. ಕೇಳಿದ್ರೆ ಹೇಳ್ಬೇಕಾಗತ್ತೆ. ಹೇಳೋದಕ್ಕಿಂತ ಮಾತ್ರೆ ನಿಲ್ಲಿಸೋದೇ ಈಸಿ ಅನ್ಸತ್ತೆ.”

ನಿಲ್ಲಿಸಬಾರದು ಎಂದು ಸಿದ್ದೇಶ್ವರಿ ದೃಢವಾಗಿ ಹೇಳಿದಳು. ಗಂಡನಿಗೆ ಹೇಳಿಬಿಡು, ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಎಂದೂ ಹೇಳಿದಳು. ಹೇಳುವಾಗ ಮೇಜಿನ ಮೇಲಿದ್ದ ಸ್ಟೆತಾಸ್ಕೋಪನ್ನು ಸರಿಯಾಗಿ ಮಡಿಸಿಡುವ ಕೆಲಸ ಹಚ್ಚಿಕೊಂಡಳು. ಹುಡುಗಿಯ ಕಣ್ಣು ನೋಡಬೇಕಾಗದಿರಲಿ ಅಂತ. ರೇಟಿನ ವಿಷಯಕ್ಕೆ ಮಾತ್ರ ಉತ್ತರ ಕೊಡಲಿಲ್ಲ. ಅವತ್ತೇ ಮಧ್ಯಾಹ್ನ, ಟೈಸನ್ಸ್ ಕಾರ್ನರಿನ ಕಟ್ಟಡವೊಂದರಲ್ಲಿ, ಆ ಮಾತ್ರೆ ಎಷ್ಟಕ್ಕೆ ಸಿಗಬೇಕೆಂದು ಗೊತ್ತುಮಾಡುವ ಇನ್ಶೂರೆನ್ಸ್ ಕಂಪನಿಯ ಸಭೆಯಿತ್ತು. ಸಭೆಯಲ್ಲಿ ಕೂರುವವರ ಪೈಕಿ ತಾನೂ ಒಬ್ಬಳು ಎಂದು ರೋಗಿಗೆ ಹೇಳುವ ಹಾಗಿರಲಿಲ್ಲ.

ಅವತ್ತು ರೋಗಿಗಳು ಒಬ್ಬರ ಹಿಂದೊಬ್ಬರು ಬಂದು ಊಟದ ಹೊತ್ತು ತಿಂದುಹಾಕಿದರು. ಕೋಟನ್ನು ಹಿಂದಿನ ಸೀಟಿಗೆ ಎಸೆದು ನೇರವಾಗಿ ಟೈಸನ್ಸಿನ ಕಡೆ ಕಾರು ತಿರುಗಿಸಿದಳು. ಅಕ್ಟೋಬರಿನ ಬಿಸಿಲು ರಸ್ತೆಯ ಎರಡೂ ಬದಿಯ ಮೇಪಲ್ ಮರಗಳ ಮೇಲೆ ಬಿದ್ದು, ಎಲ್ಲ ಉರಿಯುತ್ತಿರುವ ಹಾಗೆ ಕಾಣುತ್ತಿತ್ತು. ಇಂಥ ಬಣ್ಣವನ್ನು ಎರಡು ವರ್ಷದ ಹಿಂದೆ ಅವಳು ನೋಡಿಯೇ ಇರಲಿಲ್ಲ, ಅಂದರೆ ಕಣ್ಣಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಆ ಚಳಿಗಾಲ ದಿನಾ ಬೆಳಿಗ್ಗೆ ಕ್ಲಿನಿಕ್ಕಿನ ಪಾರ್ಕಿಂಗ್ ಲಾಟಿನಲ್ಲಿ ಹೀಟರ್ ಹಚ್ಚಿಕೊಂಡು ಕಾರಿನಲ್ಲೇ ಕೂತಿರುತ್ತಿದ್ದಳು. ಬಾಗಿಲು ತೆಗೆಯಬೇಕು ಎಂದು ಕೈಗೆ ಹೇಳಿದರೆ ಕೈ ಕೇಳುತ್ತಿರಲಿಲ್ಲ. ಕಾರಣ ಅಂತ ಒಂದಿದ್ದರೆ ಸುಲಭವಾಗುತ್ತಿತ್ತು. ಮಗಳು ಕಾಲೇಜಿಗೆ ಹೋದದ್ದು ಹೌದು, ಆದರೆ ಖುಷಿಯಾಗಿ ಹೋಗಿದ್ದಳು. ಗದುಗಿನಲ್ಲಿ ಅವ್ವ ಗಟ್ಟಿಯಾಗಿದ್ದಳು. ಗಂಡ ಬಸವಕುಮಾರ್ ಜೋರು ದನಿಯಲ್ಲಿ ಸಹ ಮಾತಾಡುವವನಲ್ಲ. ಯಾವುದೋ ಬಸವ ಜಯಂತಿಯ ಕೂಟದಲ್ಲಿ, ಪ್ರಸಾದದ ಸಾಲಿನಲ್ಲಿ ನಿಂತಾಗ, ಶಿವಕ್ಕ ಆಂಟಿ ಯಾರದೋ ಸೊಸೆಯ ಸುದ್ದಿ ತೆಗೆದು ಪಾಪ, ತಲೀಗೆ ಗುಳಿಗಿ ನುಂಗತಾಳಂತ ಎಂದು ಪಿಸುಗುಟ್ಟಿದ್ದರು. ನಿಂತವರೆಲ್ಲ ಆ ‘ಪಾಪ’ಕ್ಕೆ ಗೋಣು ಹಾಕಿದ್ದರು. ಸಿದ್ದೇಶ್ವರಿಯೂ ಹಾಕಿದ್ದಳು, ಡಾಕ್ಟರಾಗಿದ್ದೂ ಹಾಕಿದ್ದಳು.

ಕೊನೆಗೆ ಅವಳು ಪೊಟೋಮ್ಯಾಕ್ ನದಿ ದಾಟಿ ಪಕ್ಕದ ರಾಜ್ಯ ಮೇರಿಲ್ಯಾಂಡಿನ ಒಬ್ಬ ಅಪರಿಚಿತ ವೈದ್ಯೆಯ ಹತ್ತಿರ ಹೋದಳು. ಆಕೆ ಮೊದಲು ಕೊಟ್ಟ ಮಾತ್ರೆಯಿಂದ ಕೈ ನಡುಗಲು ಹತ್ತಿತು. ರೋಗಿಗಳಿಗೆ ಚೀಟಿ ಬರೆಯುವಾಗ ಪೆನ್ನು ಕುಣಿಯುತ್ತಿತ್ತು. ಒಬ್ಬ ಮುದುಕ ತನ್ನ ಬಿಪಿಯ ಚೀಟಿಯನ್ನೂ ಅವಳ ಕೈಯನ್ನೂ ನೋಡಿ, ನೀವು ಹುಷಾರಾಗಿದ್ದೀರಾ ಎಂದು ಬಹಳ ಮೃದುವಾಗಿ ಕೇಳಿದ್ದ. ನಿದ್ದೆ ಪೂರ್ತಿ ಹಾರಿಹೋಗಿತ್ತು. ಎರಡನೆಯ ಮಾತ್ರೆ ಒಗ್ಗಿತು. ಅದನ್ನು ಅವಳು ಮೇರಿಲ್ಯಾಂಡಿನಲ್ಲೇ, ಯಾರ ಗುರುತೂ ಇಲ್ಲದ ಅಂಗಡಿಯಲ್ಲಿ, ಇನ್ಶೂರೆನ್ಸ್ ಕಾರ್ಡು ತೋರಿಸದೆ ಪೂರ್ತಿ ಬೆಲೆ ಕೊಟ್ಟು ತರುತ್ತಿದ್ದಳು. ಕಾರ್ಡು ತೋರಿಸಿದರೆ ಕಂಪನಿಯ ಕಂಪ್ಯೂಟರಿನಲ್ಲಿ ತನ್ನ ಹೆಸರಿನ ಮುಂದೆ ಆ ಮಾತ್ರೆಯ ಹೆಸರು ಮೂಡುತ್ತದೆ. ಆ ಕಂಪನಿಯ ಸಮಿತಿಯಲ್ಲಿಯೇ ಅವಳು ಕೂರುತ್ತಿದ್ದಳು. ಕೌಂಟರಿನ ಹುಡುಗಿ ಒಮ್ಮೆ ಅವಳ ಹೆಸರನ್ನು ತುಂಡು ತುಂಡಾಗಿ ಗಟ್ಟಿಯಾಗಿ ಓದಿ, ಇನ್ಶೂರೆನ್ಸ್ ಇಲ್ಲವಾ ಎಂದು ಕೇಳಿ, ಇಲ್ಲ ಅಂದದ್ದಕ್ಕೆ ಮರುಗಿ, ಬಡವರಿಗೆ ಔಷಧಿ ಉಚಿತವಾಗಿ ಸಿಗುವ ಯೋಜನೆಯೊಂದರ ಕರಪತ್ರವನ್ನು ಅವಳ ಕೈಗಿಟ್ಟಿದ್ದಳು. ಸಿದ್ದೇಶ್ವರಿ ಥ್ಯಾಂಕ್ಯೂ ಹೇಳಿ ಅದನ್ನು ತೆಗೆದುಕೊಂಡಿದ್ದಳು. ಹಿಂದೆ ಸಾಲಿನಲ್ಲಿ ನಿಂತಿದ್ದ ಗಂಡಸು ಸೌಜನ್ಯಕ್ಕೆ ಬೇರೆ ಕಡೆ ನೋಡಿದ್ದ. ಆ ಸೌಜನ್ಯ ಈಗಲೂ, ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಬ್ರೇಕ್ ಒತ್ತುವಾಗಲೂ, ಅವಳ ಕಿವಿ ಬೆಚ್ಚಗಾಗಿಸಿತು.

ಸಭೆಯ ಕೋಣೆ ಎತ್ತರದ ಮಹಡಿಯಲ್ಲಿತ್ತು. ಕೆಳಗೆ ಮಾಲ್‌ಗಳ ಚಪ್ಪಟೆ ಛಾವಣಿಗಳು, ಅವುಗಳ ಸುತ್ತ ಒತ್ತಿ ನಿಂತ ಕಾರುಗಳು. ಊರಿನ ಬೇರೆ ಬೇರೆ ಕ್ಲಿನಿಕ್ಕು, ಆಸ್ಪತ್ರೆಗಳಿಂದ ಬಂದ ಹತ್ತು ಹನ್ನೆರಡು ಡಾಕ್ಟರುಗಳು, ಇಬ್ಬರು ಮೂವರು ಫಾರ್ಮಸಿಸ್ಟರು. ಅಧ್ಯಕ್ಷ ಡಾಕ್ಟರ್ ವಿಟೇಕರ್ ಬಿಳಿ ಹುಬ್ಬಿನ ಹೃದ್ರೋಗ ತಜ್ಞ, ಎಲ್ಲರಿಗೂ ಬೇಕಾದ ಮನುಷ್ಯ. ಕಂಪನಿಯ ಕಡೆಯಿಂದ ಕೆವಿನ್ ಎಂಬ ತರುಣ ಫಾರ್ಮಸಿಸ್ಟ್ ಪರದೆಯ ಮೇಲೆ ಚಿತ್ರ ತೋರಿಸುತ್ತ ಮಾತಾಡಿದ. ಇದುವರೆಗೆ ಯಾವ ಮಾತ್ರೆಗಾದರೂ ರೋಗಿ ಕೊಡಬೇಕಾಗಿದ್ದದ್ದು ಹತ್ತು ಡಾಲರು, ಉಳಿದದ್ದು ಕಂಪನಿಯದು. ಜನವರಿಯಿಂದ ಮೂರು ಮೆಟ್ಟಿಲು. ಹೆಸರಿಲ್ಲದ, ಜೆನೆರಿಕ್ ಎನ್ನುವ ಅಗ್ಗದ ಮಾತ್ರೆಗಳು ಮೊದಲನೆಯ ಮೆಟ್ಟಿಲು, ಐದು ಡಾಲರು. ಕಂಪನಿ ಆರಿಸಿಕೊಂಡ ಹೆಸರಾಂತ ಮಾತ್ರೆಗಳು ಎರಡನೆಯದು, ಹದಿನೈದು. ಉಳಿದವೆಲ್ಲ ಮೂರನೆಯದು, ಮೂವತ್ತು. ಯಾವ ಮಾತ್ರೆಯನ್ನೂ ನಾವು ನಿಷೇಧಿಸುತ್ತಿಲ್ಲ ಎಂದು ಕೆವಿನ್ ಒತ್ತಿ ಹೇಳಿದ. ದುಬಾರಿ ಮಾತ್ರೆ ಕೇಳುವ ರೋಗಿ ಕೌಂಟರಿನ ಮುಂದೆ ಒಂದು ಕ್ಷಣ ನಿಂತು ಯೋಚನೆ ಮಾಡಲಿ ಎನ್ನುವುದಷ್ಟೇ ಉದ್ದೇಶ. ಸಿದ್ದೇಶ್ವರಿಗೆ ಆ ತರ್ಕ ಮೊದಲಿನಿಂದ ಒಪ್ಪಿಗೆಯಾಗಿತ್ತು. ಟಿವಿಯಲ್ಲಿ ಜಾಹೀರಾತು ನೋಡಿ ಬಂದು ಅಲರ್ಜಿಗೆ ಹೊಸ ಮಾತ್ರೆಯೇ ಬೇಕೆಂದು ಹಟ ಹಿಡಿಯುವವರನ್ನು ಅವಳೂ ದಿನಾ ಕಾಣುತ್ತಿದ್ದಳು. ಆದರೆ ಇವತ್ತು ಆ ‘ಒಂದು ಕ್ಷಣ’ ಎನ್ನುವಲ್ಲಿ ಅವಳಿಗೆ ಶ್ರೀಲತಾಳ ಕೈಚೀಲದ ಜಿಪ್ಪಿನ ಸದ್ದು ಕೇಳಿಸಿತು. ಆ ಹುಡುಗಿಗೆ ನಿಂತು ಯೋಚಿಸುವುದು ಅಂದರೆ ಗಂಡನನ್ನು ಕೇಳುವುದು. ಹತ್ತು ಡಾಲರು ಮತ್ತು ಮೂವತ್ತು ಡಾಲರಿನ ನಡುವೆ ಇರುವುದು ಇಪ್ಪತ್ತು ಡಾಲರಲ್ಲ, ಒಂದು ಸಂಸಾರ.

ಮೊದಲು ರಕ್ತದೊತ್ತಡದ ಮಾತ್ರೆಗಳು ಬಂದವು. ವಿಟೇಕರ್ ಒಂದು ಮಾತ್ರೆಯ ಹೆಸರು ಕಂಡು, ಇದನ್ನು ನಾನೇ ದಿನಾ ಬೆಳಿಗ್ಗೆ ನುಂಗುತ್ತೇನೆ, ನೋಡಿ ಇನ್ನೂ ಬದುಕಿದ್ದೇನೆ ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಆ ಮಾತ್ರೆ ಎರಡನೆಯ ಮೆಟ್ಟಿಲಿಗೆ ಹೋಯಿತು. ಸಿದ್ದೇಶ್ವರಿಯೂ ನಕ್ಕು ಕೈಯೆತ್ತಿದ್ದಳು. ಅವರು ಎಷ್ಟು ಸಲೀಸಾಗಿ ಹೇಳಿಬಿಟ್ಟರು. ನಾಲಿಗೆಯ ಮೇಲೆ ಒಂದು ಗುಂಡುಸೂಜಿಯಷ್ಟೂ ಭಾರವಿಲ್ಲದ ಹಾಗೆ.

ಆಮೇಲೆ ಮನಸ್ಸಿನ ಮಾತ್ರೆಗಳು. ಹೊಸ ತಲೆಮಾರಿನವು ಮೂರು ಮುಖ್ಯವಾದವು. ಮೂರೂ ಸಮಾನ ಎಂದು ಸಮಿತಿ ಒಪ್ಪಿದರೆ, ಯಾವುದರ ತಯಾರಕರು ಕಂಪನಿಗೆ ಹೆಚ್ಚು ಹಣ ವಾಪಸು ಕೊಡುತ್ತಾರೋ ಅದನ್ನು ಎರಡನೆಯ ಮೆಟ್ಟಿಲಲ್ಲಿಟ್ಟು ಉಳಿದೆರಡನ್ನು ಮೂರನೆಯದಕ್ಕೆ ಹತ್ತಿಸುವುದೆಂದು ಕೆವಿನ್ ಬಿಡಿಸಿ ಹೇಳಿದ. ಆ ಲೆಕ್ಕದಲ್ಲಿ ಎರಡನೆಯದರಲ್ಲಿ ನಿಲ್ಲುವುದು ಅವಳ ಕೈ ನಡುಗಿಸಿದ ಮಾತ್ರೆ. ಮೂರನೆಯದಕ್ಕೆ ಹೋಗುವುದರಲ್ಲಿ ಅವಳದೂ ಇತ್ತು, ಶ್ರೀಲತಾಳದೂ ಅದೇ. ಎಲ್ಲವೂ ‘ಸಮಾನ’ ಎಂಬ ಒಂದು ಶಬ್ದದ ಮೇಲೆ ನಿಂತಿತ್ತು. ಸಭೆಗೆ ಮೊದಲು ಕೊಟ್ಟ ಕಾಗದಗಳನ್ನೆಲ್ಲ ಸಿದ್ದೇಶ್ವರಿ ಓದಿಕೊಂಡೇ ಬರುವವಳು. ಆ ಕೋಣೆಯಲ್ಲಿ ಹಾಗೆ ಓದಿ ಬರುವವರು ಹೆಚ್ಚಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಅವಳು ಮಾತಿಗೆ ಎದ್ದಾಗ ವಿಟೇಕರ್ ಕನ್ನಡಕ ತೆಗೆದು ಒರಗಿ ಕೂತರು.

ಅವಳು ಅಂಕಿಗಳಿಂದಲೇ ಹೊರಟಳು. ಒಂದು ಕೋಣೆಯಲ್ಲಿ ನೂರು ಜನಕ್ಕೆ ಈ ಮಾತ್ರೆ, ಇನ್ನೊಂದು ಕೋಣೆಯಲ್ಲಿ ನೂರು ಜನಕ್ಕೆ ಆ ಮಾತ್ರೆ ಕೊಟ್ಟರೆ ಎರಡೂ ಕಡೆ ಅರವತ್ತು ಅರವತ್ತು ಮಂದಿ ಗುಣವಾಗುತ್ತಾರೆ ಎನ್ನುವುದು ನಿಜ. ಅದರಿಂದ ಮಾತ್ರೆಗಳು ಸಮಾನ ಅನ್ನಬಹುದು. ಆದರೆ ಈ ಕೋಣೆಯಲ್ಲಿ ಗುಣವಾದ ಅರವತ್ತು ಮಂದಿಯನ್ನು ಎಬ್ಬಿಸಿ ಆ ಕೋಣೆಗೆ ಕಳಿಸಿದರೆ ಅರವತ್ತೂ ಮಂದಿ ಗುಣವಾಗಿಯೇ ಇರುತ್ತಾರೆ ಅಂತ ಯಾವ ಕಾಗದವೂ ಹೇಳುವುದಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಬೇಕಾದರೆ ಮೆಟ್ಟಿಲುಗಳಿರಲಿ. ಈಗಾಗಲೇ ಒಂದು ಮಾತ್ರೆಯ ಮೇಲೆ ನೆಟ್ಟಗೆ ನಿಂತವರನ್ನು ಎರಡನೆಯ ಮೆಟ್ಟಿಲಲ್ಲೇ ಇಡಬೇಕು. ಇದು ತನ್ನ ಸಲಹೆ. ಯಾರೋ ತಲೆಯಾಡಿಸಿದರು. ಮೇಜಿನ ಆ ತುದಿಯ ಮೂಳೆ ತಜ್ಞರೊಬ್ಬರು, ರೋಗಿ ಬೇರೆ ಮಾತ್ರೆಗೆ ಬದಲಾಯಿಸಿಕೊಂಡರೆ ಆಯಿತಲ್ಲ, ಅಬ್ಬಬ್ಬಾ ಅಂದರೆ ಕೆಲವು ವಾರದ ಕಿರಿಕಿರಿ ಎಂದರು. ಅವಳು ತನ್ನ ರೋಗಿಯೊಬ್ಬಳು ಎಂದು ಶುರು ಮಾಡಿದಳು. ವಿಟೇಕರ್ ಸ್ನೇಹದಿಂದಲೇ ಕೈ ಎತ್ತಿ, ಎಲ್ಲರ ಹತ್ತಿರವೂ ಅಂಥ ಒಬ್ಬ ರೋಗಿ ಇರುತ್ತಾನೆ ಸಿದ್ದೇಶ್ವರಿ, ಇಲ್ಲಿ ಕತೆಗಳಿಗಿಂತ ದತ್ತಾಂಶ ಮುಖ್ಯ ಎಂದರು. ಅದನ್ನು ಬೇರೆ ಯಾವಾಗಲೋ ಅವಳೇ ಈ ಕೋಣೆಯಲ್ಲಿ ಇನ್ಯಾರಿಗೋ ಹೇಳಿದ್ದಳು.

ಕೂತುಬಿಡಬಹುದಿತ್ತು. ಮುಂದೆ ಎಷ್ಟೋ ದಿನ ಆ ಗಳಿಗೆಯನ್ನು ನೆನೆದಾಗ ಅವಳಿಗೆ ಆಶ್ಚರ್ಯವಾಗುತ್ತಿದ್ದದ್ದು ತಾನು ಧೈರ್ಯ ಮಾಡಿದ್ದಕ್ಕಲ್ಲ. ಧೈರ್ಯ ಬೇಕಾಗಲೇ ಇಲ್ಲ ಎನ್ನುವುದಕ್ಕೆ. ಒಂದು ಬಾಗಿಲು ಬಿಗಿಯಾಗಿದೆ ಎಂದು ವರ್ಷಗಟ್ಟಲೆ ಮುಟ್ಟದೆ ಬಿಟ್ಟು, ಕೊನೆಗೆ ಮೊಣಕೈ ತಾಗಿದಾಗ ಅದು ಸುಮ್ಮನೆ ತೆರೆದುಕೊಂಡಂತೆ ಆಯಿತು.

“ಆ ಕೆಲವು ವಾರ ಅಂದರೆ ಏನು ಅಂತ ನನಗೆ ಗೊತ್ತು,” ಎಂದಳು. “ನಾನೇ ಇದನ್ನು ತೆಗೆದುಕೊಳ್ಳುತ್ತೇನೆ. ನೀವು ಮುಂದಿಟ್ಟಿರುವ ಇನ್ನೊಂದನ್ನು ಮೊದಲು ತೆಗೆದುಕೊಂಡೆ. ಪೆನ್ನು ಹಿಡಿಯಲು ಆಗಲಿಲ್ಲ.”

ಯಾರೂ ನಗಲಿಲ್ಲ. ಮೂಳೆ ತಜ್ಞರು ತಮ್ಮ ಮುಂದಿನ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿ ಮತ್ತೆ ಬಿಗಿದರು. ಒಬ್ಬ ಡಾಕ್ಟರಮ್ಮ ತಲೆಯನ್ನು ಒಂದು ಬದಿಗೆ ವಾಲಿಸಿ ಅವಳನ್ನು ನೋಡಿದಳು. ಆ ವಾಲಿಕೆ ಸಿದ್ದೇಶ್ವರಿಗೆ ಚೆನ್ನಾಗಿ ಗೊತ್ತಿತ್ತು, ಕ್ಯಾನ್ಸರಿನ ಸುದ್ದಿ ಹೇಳುವ ಮೊದಲು ತಾನೂ ಹಾಗೆ ವಾಲುತ್ತಿದ್ದಳು. ವಿಟೇಕರ್ ಬಹಳ ಗೌರವದಿಂದ, ಬಹಳ ನಿಧಾನವಾಗಿ, ನಿಯಮದ ಪ್ರಕಾರ ಕೇಳಲೇಬೇಕಾದ ಮಾತು ಇದು, ಈ ವಿಷಯದಲ್ಲಿ ನಿಮ್ಮ ಸ್ವಂತ ಹಿತ ಇರುವುದರಿಂದ ಮತದಾನದಿಂದ ನೀವು ಹೊರಗುಳಿಯುವುದು ಲೇಸಲ್ಲವೇ ಎಂದರು.

ಮುಖಕ್ಕೆ ರಕ್ತ ನುಗ್ಗಿತು. ಮೇರಿಲ್ಯಾಂಡಿನ ಅಂಗಡಿಯಲ್ಲಿ ಕರಪತ್ರ ಹಿಡಿದು ನಿಂತಾಗಿನ ಅದೇ ಬಿಸಿ. ಒಂದು ಉಸಿರಿನಷ್ಟು ಹೊತ್ತು ಅವಳು ಆ ಸಾಲಿನಲ್ಲಿ ನಿಂತಿದ್ದಳು, ಬೇರೆ ಕಡೆ ನೋಡುವ ಗಂಡಸರು ಅವಳ ಸುತ್ತ. ಆದರೆ ಅಲ್ಲಿ ಬಾಯಿಗೆ ಬಾರದಿದ್ದ ಉತ್ತರ ಇಲ್ಲಿ ತಾನಾಗಿ ಬಂತು.

“ನನ್ನ ಹಿತ ಏನೂ ಇಲ್ಲ,” ಎಂದಳು. “ಈ ಕಂಪನಿಯ ಕಾರ್ಡನ್ನು ನಾನು ಇದಕ್ಕೆ ಒಂದು ಸಲವೂ ಬಳಸಿಲ್ಲ. ನಾಚಿಕೆಗೆ ಪೂರ್ತಿ ಬೆಲೆ ಕೊಟ್ಟು ತರುತ್ತೇನೆ. ನೀವು ಯಾವ ಮೆಟ್ಟಿಲಿಗೆ ಹಾಕಿದರೂ ನನಗೆ ಒಂದು ಸೆಂಟಿನ ವ್ಯತ್ಯಾಸವಾಗುವುದಿಲ್ಲ. ಆಗಲೇ ನಿಮ್ಮ ಬಿಪಿ ಮಾತ್ರೆಗೆ ನೀವು ಮತ ಹಾಕಿದಿರಿ ಡಾಕ್ಟರ್ ವಿಟೇಕರ್. ನಾವೆಲ್ಲ ನಕ್ಕೆವು. ನಾನೂ ನಕ್ಕೆ.”

ವಿಟೇಕರ್ ಅವರ ಬಿಳಿ ಹುಬ್ಬುಗಳು ಒಂದರ ಹತ್ತಿರ ಒಂದು ಬಂದವು. ಸಿಟ್ಟೇನೋ ಅಂದುಕೊಂಡಳು, ಸಿಟ್ಟಾಗಿರಲಿಲ್ಲ. ಹೌದು, ಹಾಕಿದೆ ಎಂದು ಒಪ್ಪಿಕೊಂಡು, ಸಲಹೆಯನ್ನು ಮತಕ್ಕೆ ಹಾಕೋಣ, ಎಲ್ಲರೂ ಮತ ಹಾಕಬಹುದು ಎಂದರು. ಕೆವಿನ್ ನಡುವೆ ಬಾಯಿ ಹಾಕಿ, ಯಾರು ಈಗಾಗಲೇ ಯಾವ ಮಾತ್ರೆಯಲ್ಲಿದ್ದಾರೆ ಎನ್ನುವುದು ಕಂಪ್ಯೂಟರಿನಲ್ಲಿದೆ, ಅಂಥವರನ್ನು ಎರಡನೆಯ ಮೆಟ್ಟಿಲಲ್ಲಿ ಇಡುವುದು ಕಷ್ಟವಲ್ಲ, ಆದರೆ ಎಂದೆಂದಿಗೂ ಎಂದರೆ ಮೇಲಿನವರು ಒಪ್ಪಲಾರರು, ಒಂದು ವರ್ಷ ಎಂದರೆ ತಾನು ಒಪ್ಪಿಸಬಲ್ಲೆ ಎಂದ. ವಾದ ಅರ್ಧ ಗಂಟೆ ಎಳೆಯಿತು. ಈಗ ಅವಳ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ, ಒಂದು ವರ್ಷವೋ ಎರಡೋ ಎಂಬುದರ ಬಗ್ಗೆ ಮಾತಾಡುತ್ತಿದ್ದರು, ಅದೇ ಅವಳಿಗೆ ಹಿತವಾಗಿತ್ತು. ಕೊನೆಗೆ ಒಂದು ವರ್ಷಕ್ಕೆ ಕೈಗಳು ಎದ್ದವು. ಮೂಳೆ ತಜ್ಞರದು ಏಳಲಿಲ್ಲ, ತಲೆ ವಾಲಿಸಿದ್ದ ಡಾಕ್ಟರಮ್ಮನದೂ ಏಳಲಿಲ್ಲ. ವಿಟೇಕರ್‌ದು ಎದ್ದಿತು. ಹೊಸಬರು ಮೂವತ್ತು ಕೊಡಬೇಕು. ಜನವರಿಯ ನಂತರ ತನ್ನ ಕೋಣೆಗೆ ಬಂದು ಅಳುವ ಹುಡುಗಿಗೆ ಮೊದಲು ಆ ನಡುಗಿಸುವ ಮಾತ್ರೆಯನ್ನೇ ಬರೆಯಬೇಕಾಗುತ್ತದೆ. ಅದು ಚುಚ್ಚಿತು. ಶ್ರೀಲತಾಳದು ಹದಿನೈದಕ್ಕೆ ನಿಂತಿತು. ಹದಿನೈದು ಹಾಲು ಆಲೂಗಡ್ಡೆಯ ಪಕ್ಕದಲ್ಲಿ, ಸ್ವಲ್ಪ ಕಷ್ಟಪಟ್ಟಾದರೂ, ಅಡಗೀತು. ಮುಂದಿನ ವರ್ಷ ಇದೇ ಮೇಜಿಗೆ ಇದೇ ವಿಷಯ ಬರುತ್ತದೆ, ಆಗ ತಾನು ಇಲ್ಲಿರುತ್ತೇನೆ, ಇನ್ನಷ್ಟು ಓದಿಕೊಂಡು ಬರುತ್ತೇನೆ ಎಂದು ಅವಳು ಅನುಮಾನವಿಲ್ಲದೆ ಅಂದುಕೊಂಡಳು.

ಲಿಫ್ಟಿನಲ್ಲಿ ಆ ಡಾಕ್ಟರಮ್ಮ ಅವಳ ತೋಳು ಮುಟ್ಟಿ ಯು ಆರ್ ಸೋ ಬ್ರೇವ್ ಎಂದಳು. ವಿರೋಧವಾಗಿ ಮತ ಹಾಕಿದವಳು. ಸಿದ್ದೇಶ್ವರಿ ನಕ್ಕು, ಹಾಗೇನಿಲ್ಲ ಎಂದು ತೋಳನ್ನು ಮೆಲ್ಲಗೆ ಬಿಡಿಸಿಕೊಂಡಳು. ಕೆಳಗೆ ಕೆವಿನ್ ಹಿಂದಿನಿಂದ ಓಡಿಬಂದು, ‘ಈಗಾಗಲೇ ತೆಗೆದುಕೊಳ್ಳುತ್ತಿರುವವರು’ ಎಂದರೆ ಎಷ್ಟು ತಿಂಗಳಿಂದ ಎಂದು ಲೆಕ್ಕ ಹಿಡಿಯಬೇಕು ಎಂದು ಕೇಳಿದ. ಅವನ ಮುಖದಲ್ಲಿ ಮರುಕದ ಸುಳಿವೇ ಇರಲಿಲ್ಲ, ಬರೀ ಕೆಲಸದ ಅವಸರ. ಅವಳಿಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಒಂದೇ ಸಲ ತೆಗೆದುಕೊಂಡಿದ್ದರೂ ಸಾಕು ಎಂದಳು. ಅವನು ಅದನ್ನು ಅಂಗೈ ಮೇಲೆ ಬರೆದುಕೊಂಡು ಹೋದ.

ಮನೆಗೆ ಬಂದಾಗ ಬಸವಕುಮಾರ್ ಒಲೆಯ ಮುಂದೆ ನಿಂತು ಝುಣಕ ತಿರುವುತ್ತಿದ್ದ. ಎರಡು ಸಾವಿರದ ಇಸವಿ ಬಂದಾಗ ಸರಕಾರದ ಕಂಪ್ಯೂಟರುಗಳು ಕೆಡದಂತೆ ನೋಡಿಕೊಳ್ಳುವ ಗುತ್ತಿಗೆಯ ಕೆಲಸ ಅವನದು, ವಾರದ ಈ ದಿನ ಬೇಗ ಬಂದು ಅಡುಗೆ ಅವನೇ ಮಾಡುತ್ತಿದ್ದ. ಗದುಗಿನಿಂದ ಬಂದ ಖಡಕ್ ರೊಟ್ಟಿಯ ಡಬ್ಬಿ ಮೇಜಿನ ಮೇಲಿತ್ತು. ದಾರಿಯುದ್ದಕ್ಕೂ ಅವಳು ಈ ಮಾತಿಗೆ ಪೀಠಿಕೆ ಕಟ್ಟಿದ್ದಳು, ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅದು ಚದುರಿಹೋಯಿತು. ಒಲೆ ಸಣ್ಣಗೆ ಮಾಡಲು ಹೇಳಿ, ನಿಂತಲ್ಲೇ ಎಲ್ಲ ಹೇಳಿದಳು: ಪಾರ್ಕಿಂಗ್ ಲಾಟು, ಮೇರಿಲ್ಯಾಂಡು, ಮಾತ್ರೆ, ಇವತ್ತಿನ ಸಭೆ. ಹೇಳುವಾಗ ದನಿ ಸಭೆಯಲ್ಲಿದ್ದಷ್ಟೇ ಗಟ್ಟಿಯಾಗಿತ್ತು. ಚಮಚ ಹಿಡಿದ ಅವನ ಕೈ ತಿರುವುತ್ತಲೇ ಇತ್ತು, ಬೇಕಾದ್ದಕ್ಕಿಂತ ಹೆಚ್ಚು, ತಳದಲ್ಲಿ ಸೀದ ವಾಸನೆ ಬರುವವರೆಗೆ.

“ಹಂಗಾರ ಆ ಮಂದಿಗೆ ಮೊದ್ಲ ಗೊತ್ತಾತು,” ಎಂದ ಕೊನೆಗೆ. “ನನಗ ಆಮ್ಯಾಲೆ.”

ಇದಕ್ಕೆ ಅವಳು ತಯಾರಾಗಿರಲಿಲ್ಲ. ಹುಚ್ಚು ಅಂದರೆ, ನಾಚಿಕೆ ಅಂದರೆ, ಶಿವಕ್ಕ ಆಂಟಿಗೆ ಗೊತ್ತಾದರೆ ಅಂದರೆ, ಎಲ್ಲಕ್ಕೂ ಅವಳ ಹತ್ತಿರ ಉತ್ತರವಿತ್ತು. ಹೌದು ಎಂದಳು. ಅಲ್ಲಿ ಹೇಳುವುದು ಸರಳವಾಗಿತ್ತು, ಅವರು ಯಾರೂ ತನ್ನ ಜೊತೆ ಬಾಳುವವರಲ್ಲ ಎಂದಳು. ಅವನು ಒಲೆ ಆರಿಸಿದ. ಬೆನ್ನು ಇನ್ನೂ ಈ ಕಡೆಗೇ ಇತ್ತು. ಆ ಚಳಿಗಾಲ ಅವಳಿಗೆ ಕೆಲಸದ ದಣಿವು ಎಂದು ತಾನು ತಿಳಿದದ್ದನ್ನು, ಗದುಗಿಗೆ ಫೋನು ಮಾಡಿ ಅತ್ತೆಗೂ ಹಾಗೇ ಹೇಳಿದ್ದನ್ನು, ಚಳಿಯಲ್ಲಿ ಕೈಕೊಡದಿರಲೆಂದು ಅವಳ ಕಾರಿನ ಬ್ಯಾಟರಿ ಬದಲಾಯಿಸಿದ್ದನ್ನು ಮೆಲ್ಲಗೆ, ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ. ಆಮೇಲೆ ತಿರುಗಿದ.

“ಈ ಮನ್ಯಾಗ ನಿನಗ ಏನ್ ಕಡಿಮಿ ಆಗಿತ್ತು?”

“ಸಕ್ಕರಿ ಬ್ಯಾನಿ ಬಂದಾಂವ್ಗ ಮನ್ಯಾಗ ಏನ್ ಕಡಿಮಿ ಆಗಿತ್ತು ಅಂತ ಯಾರರೆ ಕೇಳ್ತಾರೇನ್ರಿ?” ಎಂದಳು. “ಏನೂ ಕಡಿಮಿ ಆಗಿದ್ದಿಲ್ಲ. ಅದಕ್ಕ ಹೇಳಾಕ ಆಗ್ಲಿಲ್ಲ. ಕಡಿಮಿ ಆಗಿದ್ರ ಜಗಳ ತಗದು ಹೇಳಿಬಿಡ್ತಿದ್ದೆ.”

ಅವನ ಮುಖದಲ್ಲಿ ನಗುವಿನಂಥದ್ದು ಒಂದು ಬಂದು ನಿಲ್ಲದೆ ಹೋಯಿತು. ಇಬ್ಬರೂ ಕೂತು ಉಂಡರು. ಝುಣಕ ಸೀದಿತ್ತು, ಯಾರೂ ಅದನ್ನು ಎತ್ತಿ ಆಡಲಿಲ್ಲ. ಈ ಮೌನ ಎಷ್ಟು ದಿನ ಇರಬಹುದು ಎಂದು ಅವಳು ಅಳೆಯುತ್ತಿದ್ದಳು. ಎಷ್ಟು ದಿನವಿದ್ದರೂ ಇದರೊಳಗೆ ಕೂರಬಲ್ಲೆ ಎಂಬ ನಂಬಿಕೆ ಅವಳಿಗಿತ್ತು, ಅದು ಇವತ್ತೇ ಬಂದದ್ದೋ ಮೊದಲೇ ಇತ್ತೋ ಹೇಳಲಾಗದು. ಅವನು ತಟ್ಟೆಯ ಅಂಚಿನಲ್ಲಿ ಉಳಿದ ರೊಟ್ಟಿಯ ಚೂರುಗಳನ್ನು ಬೆರಳಿಂದ ಒಂದು ಕಡೆ ಕೂಡಿಸಿದ. ಅವಳ ಕಡೆ ನೋಡದೆ, ಅವ್ವನ ಬಿಪಿಯ ಬಗ್ಗೆ ಫೋನಿನಲ್ಲಿ ವಿಚಾರಿಸುವ ದನಿಯಲ್ಲಿ ಕೇಳಿದ.

“ಇವತ್ತಿಂದು ತಗೊಂಡಿಯೇನು?”

ಇಲ್ಲ, ಅವಳು ತೆಗೆದುಕೊಂಡಿರಲಿಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು ನುಂಗುವವಳು ಇವತ್ತು ಮಧ್ಯಾಹ್ನ ಊಟವನ್ನೇ ಮಾಡಿರಲಿಲ್ಲ. ಮರೆತಿದ್ದಳು ಎಂಬುದೇ ಈಗ ನೆನಪಾಯಿತು. ಇಲ್ಲ ಅಂದಳು. ಬಸವಕುಮಾರ್ ಎದ್ದು, ಗ್ಲಾಸನ್ನು ಎರಡು ಸಲ ತೊಳೆದು, ನಳದ ನೀರು ಹಿಡಿದು ಅವಳ ತಟ್ಟೆಯ ಪಕ್ಕದಲ್ಲಿಟ್ಟು ಅಲ್ಲೇ ನಿಂತ. ಅವಳು ಕೈಚೀಲದಿಂದ ಬಾಟಲಿ ತೆಗೆದು ಒಂದನ್ನು ಅಂಗೈಗೆ ಸುರಿದುಕೊಂಡಳು. ಇಷ್ಟು ದಿನದಲ್ಲಿ ಅದನ್ನು ಇನ್ನೊಬ್ಬರು ನೋಡುತ್ತಿರುವಾಗ ಅವಳು ಕೈಯಲ್ಲಿ ಹಿಡಿದದ್ದಿಲ್ಲ. ಅವನು ಬಗ್ಗಿ, ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು ನೋಡಿದ.

“ಇಷ್ಟ ಸಣ್ಣದೇನಿದು?” ಎಂದ.

ಸಿದ್ದೇಶ್ವರಿ ಅದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು.